ಫೋನಿನ ದಿಕ್ಸೂಚಿಯಲ್ಲಿ ಯಾರೂ ನೋಡದ ಅಂಕೆ

ಮನೆ ಕಟ್ಟುವ ಜಾಗಕ್ಕೆ ಈಗ ಹಗ್ಗ, ಗೂಟದ ಜೊತೆ ಫೋನೂ ಬರುತ್ತದೆ. ಬದಿಯಡ್ಕ ಇರಲಿ, ಪೆರ್ಲ ಇರಲಿ, ವಾಸ್ತು ನೋಡುವವರು ಕಿಸೆಯಿಂದ ಫೋನ್ ತೆಗೆದು ಕಂಬದ ಪಕ್ಕ ಹಿಡಿದು, "ಬಾಗಿಲು ಹದಿನಾಲ್ಕು ಡಿಗ್ರಿ ಓರೆ ಉಂಟು" ಎಂದುಬಿಡುತ್ತಾರೆ. ಅಲ್ಲಿಂದ ಮನೆಯವರಿಗೆ ನಿದ್ದೆ ಇಲ್ಲ. ವಾಸ್ತುವಿನ ಜಗಳ ಇವತ್ತು ಬೇಡ. ನನ್ನ ತಕರಾರು ಆ ಹದಿನಾಲ್ಕು ಡಿಗ್ರಿಯ ಮೇಲೆ. ಕಂಬದೊಳಗೆ ಕಬ್ಬಿಣದ ಸರಳು ಇದೆ ಅಲ್ವಾ?

ಫೋನಿನೊಳಗೆ ತಿರುಗುವ ಮುಳ್ಳು ಯಾವುದೂ ಇಲ್ಲ. ಪರದೆಯ ಮೇಲೆ ಕಾಣುವ ಮುಳ್ಳು ಬರೀ ಚಿತ್ರ. ಒಳಗಿರುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಅಗಲದ ಒಂದು ಚಿಪ್. ಅದು ಕಾಂತಕ್ಷೇತ್ರವನ್ನು ಉದ್ದ, ಅಗಲ, ಎತ್ತರ ಹೀಗೆ ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಆ ಮೂರು ಅಂಕೆಗಳಿಂದ ಫೋನ್ ಉತ್ತರ ಎಲ್ಲಿ ಎಂದು ಲೆಕ್ಕ ಹಾಕುತ್ತದೆ. ಅದೇ ಮೂರು ಅಂಕೆಗಳಿಂದ ಕ್ಷೇತ್ರದ ಒಟ್ಟು ಬಲವೂ ಸಿಗುತ್ತದೆ, ಮೈಕ್ರೋಟೆಸ್ಲಾ ಲೆಕ್ಕದಲ್ಲಿ. ದಿಕ್ಸೂಚಿ ಆ್ಯಪ್‌ಗಳು ಎಷ್ಟೋ ಸಲ ಇದನ್ನು ತೋರಿಸುವುದೇ ಇಲ್ಲ. ನೋಡಬೇಕೆಂದರೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ 'ಫೈಫಾಕ್ಸ್' ಎಂಬ ಆ್ಯಪ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಬಹಳಷ್ಟು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಕರೆ ಮಾಡುವ ಜಾಗದಲ್ಲಿ *#0*# ಒತ್ತಿದರೂ ಸೆನ್ಸರ್‌ಗಳ ಪರೀಕ್ಷೆಯ ಪುಟ ತೆರೆಯುತ್ತದೆ.

ಭೂಮಿಯ ಕಾಂತಕ್ಷೇತ್ರ ಜಾಗದಿಂದ ಜಾಗಕ್ಕೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ ಇರುತ್ತದೆ. ನಮ್ಮ ಕಾಸರಗೋಡಿನಲ್ಲಿ 40ರ ಆಸುಪಾಸು. ಇನ್ನೊಂದು ವಿಶೇಷವೂ ಇದೆ. ಇಲ್ಲಿ ಕಾಂತರೇಖೆಗಳು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹೋಗುತ್ತವೆ, ಏಕೆಂದರೆ ಅವು ಪೂರ್ತಿ ಸಮಾನಾಂತರವಾಗುವ ಗೆರೆ, ಅಂದರೆ ಕಾಂತೀಯ ಸಮಭಾಜಕ, ನಮ್ಮ ಕೇರಳದ ದಕ್ಷಿಣದ ತುದಿಯ ಹತ್ತಿರವೇ ಇದೆ. ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ರಾಕೆಟ್ ಹಾರಿಸಲು ಆರಿಸಿದ್ದು ಇದೇ ಕಾರಣಕ್ಕೆ. ಆ ರೇಖೆಯ ಮೇಲೆ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ವಿಜ್ಞಾನಿಗಳು ಅಳೆಯಬೇಕಾಗಿತ್ತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ನಮ್ಮ ದಿಕ್ಸೂಚಿಗೆ ಇದರಿಂದ ಲಾಭವೇ. ಧ್ರುವದ ಹತ್ತಿರದ ಊರುಗಳಲ್ಲಿ ಕ್ಷೇತ್ರ ಬಹುಪಾಲು ನೆಲದೊಳಗೆ ಮುಖ ಮಾಡಿರುತ್ತದೆ, ದಿಕ್ಕು ಹೇಳಲು ಉಳಿಯುವುದು ಸ್ವಲ್ಪವೇ. ನಮ್ಮಲ್ಲಿ ಹೆಚ್ಚುಕಡಿಮೆ ಪೂರ್ತಿ ಬಲ ದಿಕ್ಕು ತೋರಿಸುವ ಕೆಲಸಕ್ಕೇ ಸಿಗುತ್ತದೆ.

ಈಗ ಆ ಚಿಪ್ಪಿಗೆ ಬರೋಣ. 1879ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ತೆಳುವಾದ ಚಿನ್ನದ ಹಾಳೆಯಲ್ಲಿ ಕರೆಂಟ್ ಹರಿಸಿ ಅದನ್ನು ಅಯಸ್ಕಾಂತದ ನಡುವೆ ಇಟ್ಟ. ಕರೆಂಟ್ ಉದ್ದಕ್ಕೆ ಹೋಗುತ್ತಿದ್ದರೆ ಹಾಳೆಯ ಅಡ್ಡಕ್ಕೂ ಒಂದು ಸಣ್ಣ ವೋಲ್ಟೇಜ್ ಹುಟ್ಟಿತು. ಹರಿಯುವ ಕಣಗಳನ್ನು ಕಾಂತಕ್ಷೇತ್ರ ಒಂದು ಬದಿಗೆ ತಳ್ಳುತ್ತದೆ. ಆ ಬದಿಯಲ್ಲಿ ಅವು ಒತ್ತಾಗುತ್ತವೆ, ಇನ್ನೊಂದು ಬದಿಯಲ್ಲಿ ಕಡಿಮೆಯಾಗುತ್ತವೆ. ಕ್ಷೇತ್ರ ಜೋರಾದಷ್ಟೂ ವೋಲ್ಟೇಜ್ ಜಾಸ್ತಿ. ಮಜಾ ನೋಡಿ, ಎಲೆಕ್ಟ್ರಾನ್ ಎಂಬುದು ಗೊತ್ತಾಗಿದ್ದೇ 1897ರಲ್ಲಿ. ಏನು ಹರಿಯುತ್ತದೆ ಎಂದು ತಿಳಿಯುವ ಹದಿನೆಂಟು ವರ್ಷ ಮೊದಲೇ ಅದು ಬದಿಗೆ ಸರಿಯುವುದನ್ನು ಹಾಲ್ ಅಳೆದಿದ್ದ. ಇವತ್ತು ಹಲವು ಫೋನ್‌ಗಳ ದಿಕ್ಸೂಚಿ ಚಿಪ್‌ನಲ್ಲಿ ಇದೇ ಕೆಲಸ ನಡೆಯುತ್ತದೆ, ಚಿನ್ನದ ಬದಲು ಸಿಲಿಕಾನ್‌ನಲ್ಲಿ.

ಆದರೆ ಚಿಪ್‌ನ ಅಕ್ಕಪಕ್ಕದಲ್ಲೇ ಸ್ಪೀಕರ್ ಇದೆ, ಅದರೊಳಗೆ ಅಯಸ್ಕಾಂತ ಇದೆ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸಿ ಅನ್ನುತ್ತದಲ್ಲ, ಅದು ಇದಕ್ಕೇ. ತುಂಬಾ ಜನ ಅದನ್ನು ಮಂತ್ರದ ಹಾಗೆ ಸುಮ್ನೆ ಮಾಡುತ್ತಾರೆ. ಅಲ್ಲಿ ನಡೆಯುವುದು ಇಷ್ಟು. ಸ್ಪೀಕರಿನ ಅಯಸ್ಕಾಂತ ಫೋನಿನ ಜೊತೆಗೇ ತಿರುಗುತ್ತದೆ. ಹಾಗಾಗಿ ಚಿಪ್ಪಿಗೆ ಅದು ಯಾವಾಗಲೂ ಒಂದೇ ಕಡೆಯಿಂದ, ಒಂದೇ ಬಲದಲ್ಲಿ ಕಾಣುತ್ತದೆ. ಭೂಮಿ ಫೋನಿನ ಜೊತೆ ತಿರುಗುವುದಿಲ್ಲ, ಹಾಗಾಗಿ ಅದರ ಕ್ಷೇತ್ರ ಚಿಪ್ಪಿಗೆ ಬೇರೆ ಬೇರೆ ಕಡೆಯಿಂದ ಬಂದಂತೆ ಕಾಣುತ್ತದೆ. ಎಲ್ಲಾ ಕಡೆಗೂ ತಿರುಗಿಸಿದಾಗ ಸಿಗುವ ಅಂಕೆಗಳನ್ನು ಚುಕ್ಕಿಗಳಾಗಿ ಇಟ್ಟರೆ ಒಂದು ಗೋಳ ಆಗುತ್ತದೆ. ಗೋಳದ ನಡುಬಿಂದು ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟು ಫೋನಿನ ಸ್ವಂತ ಪಾಲು. ಅಡಿಕೆ ಅಂಗಡಿಯಲ್ಲಿ ಗೋಣಿಯ ತೂಕ ಕಳೆಯುವಂತೆ ಫೋನ್ ಅದನ್ನು ಕಳೆದುಬಿಡುತ್ತದೆ. ಆಮೇಲೆ ನೀವು ಅಯಸ್ಕಾಂತ ಇರುವ ಕವರ್ ಹಾಕಿದರೆ ಗೋಣಿ ಬದಲಾಯಿತು, ಮತ್ತೆ ಆಡಿಸಬೇಕು.

ಕಂಬದ ಸರಳನ್ನು ಮಾತ್ರ ಹೀಗೆ ಕಳೆಯಲು ಆಗುವುದಿಲ್ಲ, ಅದು ಫೋನಿನ ಜೊತೆ ತಿರುಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಉತ್ತರಕ್ಕೆ 40 ಮೈಕ್ರೋಟೆಸ್ಲಾ ಇರುವಲ್ಲಿ ಸರಳು ಪೂರ್ವಕ್ಕೆ ಬರೀ 10 ಸೇರಿಸಿತು ಅಂದುಕೊಳ್ಳಿ. ಮುಳ್ಳು 14 ಡಿಗ್ರಿ ತಿರುಗುತ್ತದೆ. ಒಟ್ಟು ಬಲ? 40ರಿಂದ 41ಕ್ಕೆ ಏರುತ್ತದೆ, ಅಷ್ಟೇ. ಅಂದರೆ ಅಂಕೆ 40ರಿಂದ ದೂರ ಇದ್ದರೆ ದಿಕ್ಕನ್ನು ನಂಬಲೇಬಾರದು, 40 ಇದ್ದರೂ ತಕ್ಷಣ ನಂಬಬಾರದು. ಫೋನನ್ನು ಹಿಡಿದು ನಾಲ್ಕಾರು ಹೆಜ್ಜೆ ಅತ್ತಿತ್ತ ನಡೆಯಬೇಕು. ಅಂಕೆಯೂ ದಿಕ್ಕೂ ಎರಡೂ ಕದಲದೆ ಇರುವ ಜಾಗ ಸಿಕ್ಕಿದರೆ ಅಲ್ಲಿ ಅಳೆಯಬಹುದು. ಮುರಕಲ್ಲಿನಲ್ಲೂ ಕಬ್ಬಿಣ ಉಂಟಲ್ಲ ಎಂದು ಕೇಳಬಹುದು. ಉಂಟು, ಅದರ ಕೆಂಪು ಬಣ್ಣವೇ ಅದರಿಂದ. ಆದರೆ ಅಲ್ಲಿ ಹೆಚ್ಚಾಗಿ ಇರುವುದು ಹೆಮಟೈಟ್, ಗೋಥೈಟ್ ಎಂಬ ಆಕ್ಸೈಡ್‌ಗಳು, ಅವುಗಳ ಕಾಂತಗುಣ ತೀರಾ ಕಮ್ಮಿ. ತೊಂದರೆ ಕೊಡುವುದು ಸರಳು, ಕಬ್ಬಿಣದ ಕಪಾಟು, ಪಕ್ಕದಲ್ಲಿ ನಿಲ್ಲಿಸಿದ ಜೀಪು.

ಇದನ್ನು ಗಂಭೀರವಾಗಿ ತೆಗೆದುಕೊಂಡವರು ಎಷ್ಟು ದೂರ ಹೋಗಿದ್ದರು ಗೊತ್ತಾ? ಮುಂಬೈಯ ಕೊಲಾಬಾದಲ್ಲಿ ಕಾಂತಕ್ಷೇತ್ರ ಅಳೆಯುವ ವೀಕ್ಷಣಾಲಯ ಇತ್ತು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾಗ ಅಳತೆ ಕೆಡುತ್ತದೆಂದು 1904ರಲ್ಲಿ ಆಲಿಬಾಗಿನಲ್ಲಿ ಹೊಸದನ್ನು ಶುರುಮಾಡಿದರು. ಆ ಕಟ್ಟಡಕ್ಕೆ ಕಾಂತಗುಣ ಇಲ್ಲದ ಕಲ್ಲನ್ನು ಪೋರಬಂದರಿನಿಂದ ತರಿಸಿದರು. ನಾವು ಸರಳಿನ ಕಂಬಕ್ಕೆ ಫೋನ್ ಆನಿಸಿ ಡಿಗ್ರಿ ಹೇಳುತ್ತೇವೆ.

ಹಳೆಯವರು ದಿಕ್ಕಿಗೆ ಅಯಸ್ಕಾಂತವನ್ನು ನೆಚ್ಚಿಕೊಂಡಿರಲೇ ಇಲ್ಲ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿರುವುದು ಶಂಕುವಿನ ವಿಧಾನ. ನೆಟ್ಟಗೆ ಕೋಲು ನಿಲ್ಲಿಸಿ ಸುತ್ತ ವೃತ್ತ ಎಳೆಯುವುದು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸುವುದು. ಆ ಗೆರೆಯೇ ಪೂರ್ವ ಪಶ್ಚಿಮ. ಅಷ್ಟು ಹೊತ್ತಿನಲ್ಲಿ ಸೂರ್ಯನೂ ಉತ್ತರಕ್ಕೋ ದಕ್ಷಿಣಕ್ಕೋ ಚೂರು ಸರಿದಿರುತ್ತಾನೆ. ಅದಕ್ಕೂ ತಿದ್ದುಪಡಿ ಹೇಳಿದವರಲ್ಲಿ ಒಬ್ಬ ಇದೇ ಮಲಬಾರಿನ ಗಣಿತಜ್ಞ ನೀಲಕಂಠ ಸೋಮಯಾಜಿ, ಸುಮಾರು 1500ರ ತನ್ನ 'ತಂತ್ರಸಂಗ್ರಹ'ದಲ್ಲಿ. ಬಿಸಿಲಿಗೆ ಸರಳಿನ ಹಂಗಿಲ್ಲ. ಶಾಸ್ತ್ರ ಎನ್ನುವವರು ಈ ಶಾಸ್ತ್ರವನ್ನಾದರೂ ಮಾಡಬಹುದಲ್ಲ.

ಇನ್ನು ನೀರು ಹುಡುಕುವ, ಚಿನ್ನ ಹುಡುಕುವ ಆ್ಯಪ್‌ಗಳು. ಸುರಂಗ ಕೊರೆದು ನೀರು ಕುಡಿದ ಊರಿನವರು ನಾವು, ನೀರಿನ ಸೆಲೆ ಎಂದರೆ ಕಿವಿ ನೆಟ್ಟಗಾಗುವುದು ಸಹಜ. ಆದರೆ ನೀರು ಸುತ್ತಲಿನ ಕ್ಷೇತ್ರವನ್ನು ಬದಲಿಸುವುದು ಲಕ್ಷಕ್ಕೆ ಒಂದು ಪಾಲಿನಷ್ಟು. 40 ಮೈಕ್ರೋಟೆಸ್ಲಾದಲ್ಲಿ ಅದು 0.0004. ಒಳ್ಳೆಯ ಫೋನ್ ಚಿಪ್ ಗುರುತಿಸುವ ಅತಿ ಸಣ್ಣ ಮೆಟ್ಟಿಲೇ 0.15ರ ಆಸುಪಾಸು. ಚಿನ್ನಕ್ಕೂ ಇದೇ ಗತಿ, ಹಾಲ್ ತನ್ನ ಪ್ರಯೋಗ ಮಾಡಿದ್ದು ಚಿನ್ನದಲ್ಲೇ ಆದರೂ. ಆ್ಯಪ್ ಕುಂಯ್ ಎಂದರೆ ಅಲ್ಲಿ ಕಬ್ಬಿಣದ ತುಂಡು ಇದೆ.

ಕಬ್ಬಿಣ ಹುಡುಕಲು ಮಾತ್ರ ಫೋನ್ ನಿಜಕ್ಕೂ ಒಳ್ಳೆಯದು. ಹಲಸಿನ ಮರ ಕಡಿದು ಮಿಲ್ಲಿಗೆ ಕಳಿಸುವಾಗ ದೊಡ್ಡ ಭಯ ಯಾವುದು ಹೇಳಿ? ಬೇಲಿ ತಂತಿಗೆಂದು ಅಜ್ಜ ಹೊಡೆದ ಮೊಳೆ. ಮರ ಅದನ್ನು ನುಂಗಿ ಸಿಪ್ಪೆ ಮುಚ್ಚಿರುತ್ತದೆ, ಗರಗಸದ ಹಲ್ಲಿಗೆ ಸಿಕ್ಕಿದ ಮೇಲೇ ಗೊತ್ತಾಗುವುದು. ಮೊದಲು ಫೋನಿನ ಚಿಪ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಒಂದು ಮೊಳೆಯನ್ನು ಫೋನಿನ ಬೆನ್ನ ಮೇಲೆ ನಿಧಾನಕ್ಕೆ ಸರಿಸಿದರೆ ಅಂಕೆ ಎಲ್ಲಿ ಹೆಚ್ಚು ಕುಣಿಯುತ್ತದೋ ಅಲ್ಲಿದೆ, ಸಾಮಾನ್ಯವಾಗಿ ಮೇಲ್ಭಾಗದಲ್ಲಿ. ಆ ಮೂಲೆಯನ್ನು ದಿಮ್ಮಿಗೆ ತಾಗಿಸಿ, ಫೋನಿನ ವಾಲಿಕೆ ಬದಲಿಸದೆ ಉದ್ದಕ್ಕೆ ಎಳೆಯುತ್ತಾ ಹೋಗಿ. ದೂರ ಎರಡು ಪಟ್ಟಾದರೆ ಮೊಳೆಯ ಪ್ರಭಾವ ಎಂಟನೇ ಒಂದಕ್ಕೆ ಇಳಿಯುತ್ತದೆ, ಹಾಗಾಗಿ ಅಂಗೈ ಆಳದಲ್ಲಿ ಇರುವುದು ಸಿಗಲಿಕ್ಕಿಲ್ಲ. ಎರಡು ಮೂರು ಸೆಂಟಿಮೀಟರ್ ಒಳಗಿದ್ದರೆ ಅಂಕೆ ಹಾರುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಲಾರಿ ಬರುವ ಮೊದಲು ಉಳಿ ಹಾಕಿ ಕಿತ್ತುಬಿಡಿ.