ಚಕ್ರದ ನಟ್ ಅತಿಯಾಗಿ ಬಿಗಿದರೆ ಏನಾಗುತ್ತದೆ?

"ಇನ್ನೂ ಸ್ವಲ್ಪ ಟೈಟ್ ಮಾಡಿಬಿಡಿ, ದೂರ ಹೋಗಬೇಕು." ಗ್ಯಾರೇಜಿನಲ್ಲಿ ಈ ಮಾತು ಆಗಾಗ ಕೇಳುತ್ತಲೇ ಇರುತ್ತೇನೆ. ಹೇಳುವವರ ಕಾಳಜಿ ಅರ್ಥವಾಗುತ್ತದೆ. ಓಡುವ ಕಾರಿನ ಚಕ್ರ ಕಳಚಿಕೊಂಡರೆ ಎಂಬ ಭಯ ಎಲ್ಲರಿಗೂ ಇದೆ. ಆದರೆ ಆ ಅಪಾಯ ಸಡಿಲ ನಟ್‌ನಿಂದ ಮಾತ್ರ ಬರುವುದಲ್ಲ. ಮಿತಿ ಮೀರಿ ಬಿಗಿದ ನಟ್ ಕೂಡ ಅಲ್ಲಿಗೇ ತಂದು ನಿಲ್ಲಿಸಬಹುದು.

ನಟ್ ಬಿಗಿಯುವಾಗ ಅದು ಕೂರುವ ಸ್ಟಡ್, ಅಂದರೆ ಸುರುಳಿ ಗೆರೆ (ಥ್ರೆಡ್) ಇರುವ ಉಕ್ಕಿನ ಕಡ್ಡಿ, ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಹೌದು, ಉಕ್ಕು ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ ಮತ್ತೆ ಕುಗ್ಗಲು ನೋಡುತ್ತದೆ. ಆ ಎಳೆತವೇ ಚಕ್ರವನ್ನು, ಅದು ಕೂರುವ ತಿರುಗುವ ಭಾಗವಾದ ಹಬ್‌ಗೆ ಒತ್ತಿ ಹಿಡಿಯುವುದು. ಸ್ಟಡ್ ಕೆಲಸ ಮಾಡುವುದು ಗಟ್ಟಿ ಸ್ಪ್ರಿಂಗ್ ಥರ. ಸ್ಪ್ರಿಂಗನ್ನು ವಿಪರೀತ ಎಳೆದರೆ ಅದು ಮೊದಲಿನ ಅಳತೆಗೆ ಬರುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಒಂದು ಮಿತಿ ದಾಟಿದ ಮೇಲೆ ಸ್ಟಡ್ ಶಾಶ್ವತವಾಗಿ ಉದ್ದವಾಗಿ, ಒಂದು ಕಡೆ ಸಪೂರವಾಗುತ್ತದೆ. ಥ್ರೆಡ್ ಹಾಳಾಗುತ್ತದೆ. ಆಮೇಲೆ ಪ್ರತಿ ಸಲ ಬಿಗಿದಾಗಲೂ, ಪ್ರತಿ ಗುಂಡಿಗೆ ಇಳಿದಾಗಲೂ ಆ ಜಾಗಕ್ಕೇ ಪೆಟ್ಟು. ಕೊನೆಗೆ ತುಂಡಾದರೆ, ಅದರ ಭಾರವೆಲ್ಲ ಉಳಿದ ಸ್ಟಡ್‌ಗಳ ಮೇಲೆ. ಅವೂ ಅದೇ ಕೈಯಲ್ಲಿ, ಅಷ್ಟೇ ಬಿಗಿಯಾಗಿದ್ದವು ಎಂಬುದನ್ನು ಮರೆಯಬೇಡಿ.

ಹಾಗಾದರೆ ಸರಿಯಾದ ಬಿಗಿ ಎಷ್ಟು? ಅನೇಕ ಚಿಕ್ಕ ಮತ್ತು ಮಧ್ಯಮ ಕಾರುಗಳಿಗೆ ಸುಮಾರು 90ರಿಂದ 120 ನ್ಯೂಟನ್ ಮೀಟರ್. ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ ಇದು. ನಿಮ್ಮ ಕಾರಿನ ಲೆಕ್ಕ ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ಅದನ್ನೇ ನಂಬಿ. 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 35 ಕೆಜಿಯಷ್ಟು ಒತ್ತಿದರೆ ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್ ಆಯಿತು. 70 ಕೆಜಿಯ ಒಬ್ಬರು ಅದರ ಮೇಲೆ ಹತ್ತಿ ನಿಂತರೆ 200 ದಾಟುತ್ತದೆ. ಪೈಪ್ ಸಿಕ್ಕಿಸಿ ಸ್ಪ್ಯಾನರ್ ಉದ್ದ ಮಾಡಿದರಂತೂ ಕೇಳುವುದೇ ಬೇಡ. ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಏರ್ ಗನ್ ಇನ್ನೂ ಜೋರು. ಅದು ಕೆಲವೇ ಸೆಕೆಂಡಿನಲ್ಲಿ ಬೇಕಾದ್ದಕ್ಕಿಂತ ಹಲವು ಪಟ್ಟು ಬಿಗಿಯಬಲ್ಲದು, ಹಿಡಿದವರ ಕೈಗೆ ಅದು ಗೊತ್ತೂ ಆಗುವುದಿಲ್ಲ. ನಟ್ ಬಿಚ್ಚಲು ಗನ್ ಬಳಸಲಿ, ನನ್ನ ತಕರಾರಿಲ್ಲ. ಕೊನೆಯ ಬಿಗಿ ಮಾತ್ರ, ನಿಗದಿ ಮಾಡಿದ ಬಿಗಿ ಬಂದೊಡನೆ ಕ್ಲಿಕ್ ಅನ್ನುವ ಟಾರ್ಕ್ ರೆಂಚಿನಲ್ಲೇ ಆಗಬೇಕು.

ಒಳ್ಳೆಯ ಉದ್ದೇಶದಿಂದಲೇ ಮಾಡುವ ಇನ್ನೊಂದು ತಪ್ಪಿದೆ. ತುಕ್ಕು ಹಿಡಿಯದಿರಲಿ ಅಂತ ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚುವುದು. ನಾವು ಹಾಕುವ ಶಕ್ತಿಯಲ್ಲಿ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ ಎಳೆಯಲು ಉಳಿಯುವುದು ಸುಮಾರು ಹತ್ತನೇ ಒಂದು ಭಾಗ. ಎಣ್ಣೆ ಬಿದ್ದರೆ ಉಜ್ಜಾಟ ಕಡಿಮೆಯಾಗುತ್ತದೆ, ಅದೇ ಟಾರ್ಕಿಗೆ ಸ್ಟಡ್ ಜಾಸ್ತಿ ಎಳೆಯುತ್ತದೆ. ರೆಂಚ್ 100 ತೋರಿಸಿದರೂ ಒಳಗಿನ ಎಳೆತ ಮಿತಿ ಮೀರಿರಬಹುದು. ಪುಸ್ತಕದಲ್ಲಿ ಬೇರೆ ಹೇಳಿರದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ, ಒಣಗಿದ್ದಂತೆಯೇ ಬಿಗಿಯಿರಿ.

ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ ಎಂದು ಬರುವ ಕಾರುಗಳಲ್ಲಿ ನಾನು ಮೊದಲು ಕೇಳುವುದು, ಇತ್ತೀಚೆಗೆ ಚಕ್ರ ಬಿಚ್ಚಿ ಹಾಕಿದ್ದಿರಾ ಅಂತ. ಅನೇಕ ಕಾರುಗಳಲ್ಲಿ ಬ್ರೇಕಿನ ಡಿಸ್ಕ್ ಇರುವುದು ಹಬ್ ಮತ್ತು ಚಕ್ರದ ನಡುವೆ. ಒಂದು ನಟ್ ವಿಪರೀತ ಬಿಗಿ, ಪಕ್ಕದ್ದು ಸಾಧಾರಣ ಆದರೆ ಡಿಸ್ಕ್ ಸಣ್ಣಗೆ ಓರೆಯಾಗಬಹುದು. ನಡುಕ ಮರುದಿನವೇ ಬರಬೇಕೆಂದಿಲ್ಲ. ಸಾವಿರಾರು ಕಿಲೋಮೀಟರ್ ಓಡಿ, ಡಿಸ್ಕ್ ಒಂದೊಂದು ಕಡೆ ಒಂದೊಂದು ಥರ ಸವೆದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಟ್ ವಿಷಯ ಯಾರಿಗೂ ನೆನಪಿರುವುದಿಲ್ಲ, ಸುಮ್ನೆ ಹೊಸ ಡಿಸ್ಕ್ ಹಾಕಿಸುತ್ತಾರೆ. ಅಲಾಯ್ ಚಕ್ರದಲ್ಲಿ ನಟ್ ಕೂರುವ ಜಾಗವೇ ಜಜ್ಜಿಹೋಗಿ ಬಿರುಕು ಬಿಡಬಹುದು.

ಇನ್ನು, ದಾರಿಯಲ್ಲಿ ಪಂಕ್ಚರ್ ಆದರೆ? ಗನ್‌ನಲ್ಲಿ ಮನಬಂದಂತೆ ಬಿಗಿದ ನಟ್ ಡಿಕ್ಕಿಯಲ್ಲಿರುವ ಸ್ಪ್ಯಾನರಿಗೆ ಬಗ್ಗುವುದೇ ಇಲ್ಲ. ಸ್ಟೆಪ್ನಿ ಇದ್ದೂ ರಾತ್ರಿ ರಸ್ತೆ ಬದಿಯಲ್ಲಿ ಸಹಾಯಕ್ಕೆ ಕಾಯಬೇಕಾಗುತ್ತದೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಟ್ ಹಾಕುವ ಕ್ರಮ ಕಷ್ಟದ್ದೇನಲ್ಲ. ಮೊದಲು ಎಲ್ಲ ನಟ್‌ಗಳನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ. ಸಾಲಾಗಿ ಅಲ್ಲ, ಎದುರುಬದುರು ನಟ್‌ಗಳನ್ನು ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತಾ ಬನ್ನಿ. ಜಾಕ್ ಇಳಿಸಿ ಟೈರ್ ನೆಲಕ್ಕೆ ತಾಗಿದ ಮೇಲೆ ಕೊನೆಯ ಬಿಗಿ. ರೆಂಚ್ ಒಂದು ಸಲ ಕ್ಲಿಕ್ ಅಂದರೆ ಸಾಕು. ಸಮಾಧಾನಕ್ಕೆ ಮತ್ತೆ ಮತ್ತೆ ಎಳೆಯಬೇಡಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಈಗಾಗಲೇ ಯಾರೋ ಅತಿಯಾಗಿ ಬಿಗಿದಿದ್ದಾರೆ ಎಂಬ ಅನುಮಾನವಿದ್ದರೆ ಪ್ರಯಾಣಕ್ಕೆ ಮುಂಚೆಯೇ ಬಿಚ್ಚಿಸಿ ನೋಡಿ. ಸ್ವಚ್ಛ ಮಾಡಿದ ಮೇಲೂ ನಟ್ ಬರಿಗೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಸ್ಟಡ್, ನಟ್ ಎರಡನ್ನೂ ಬದಲಾಯಿಸಿ. ಒಂದು ಸ್ಟಡ್ ತುಂಡಾಗಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಾಯಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.