ಬಿಸ್ಕತ್ತಿನ ಮೇಲೆ ಹಲಾಲ್ ಅಂತಿದೆ, ನಮ್ಮ ಹುಡುಗ ತಿನ್ನಬಹುದಾ?

ಪ್ರಶ್ನೆ: ನಾವು ಶ್ರವಣಬೆಳಗೊಳದ ಹತ್ತಿರದವರು. ಮನೆಗೆ ಮೊಟ್ಟೆಯನ್ನೂ ತರುವುದಿಲ್ಲ. ಮಗನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬ್ರೆಡ್ಡು, ಬಿಸ್ಕತ್ತು ಎಲ್ಲದರ ಮೇಲೂ ಹಲಾಲ್ ಅಂತ ಇರುತ್ತದಂತೆ. ಹಾಗಾದರೆ ಅವನು ಏನು ತಿನ್ನಬೇಕು?

ಈ ಪ್ರಶ್ನೆ ನನಗೆ ಬಾಯಿಪಾಠ ಆಗಿಹೋಗಿದೆ. ಒಮಾನ್ ದೇಶದ ರಾಜಧಾನಿ ಮಸ್ಕತ್‌ನ ರುವಿ ಬಡಾವಣೆಯಲ್ಲಿ ಒಂಬತ್ತು ವರ್ಷ ಇದ್ದು ಹಾಸನಕ್ಕೆ ವಾಪಸ್ ಬಂದವನು ನಾನು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದರೂ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಂದು ಸಲ ಪೂರ್ತಿ ಹೇಳುತ್ತೇನೆ.

ಹೊಟ್ಟೆಪಾಡಿನ ವಿಷಯ ಬೇಗ ಮುಗಿಯುತ್ತದೆ. ಕಛ್ ಕಡೆಯ ಗುಜರಾತಿ ವ್ಯಾಪಾರಿಗಳು ಮಸ್ಕತ್‌ನಲ್ಲಿ ತಲೆಮಾರುಗಳಿಂದ ಇದ್ದಾರೆ. ಖಿಮ್ಜಿ ರಾಮದಾಸ್ ಮನೆತನದ ವ್ಯಾಪಾರ ಅಲ್ಲಿ ಶುರುವಾಗಿದ್ದು 1870ರಲ್ಲಿ. ನೂರು ವರ್ಷ ದಾಟಿದ ಶಿವನ ದೇವಸ್ಥಾನವೂ ಇದೆ. ಇಷ್ಟು ಕಾಲ ಸಸ್ಯಾಹಾರಿಗಳು ಸಂಸಾರ ಮಾಡಿಕೊಂಡಿರುವ ಊರು ಅದು. ರುವಿಯಲ್ಲಿ ದೋಸೆ ಹೋಟೆಲ್ ಇವೆ, ಲುಲುವಿನಂಥ ದೊಡ್ಡ ಅಂಗಡಿಗಳಲ್ಲಿ ರಾಗಿ ಹಿಟ್ಟು, ತೊಗರಿಬೇಳೆ, ನುಗ್ಗೆಕಾಯಿ, ಕರಿಬೇವು ಎಲ್ಲ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಮಾತ್ರ ಹೊರಗಿನ ಊಟ ಕಷ್ಟ, ಕಾಬೂಲಿ ಕಡಲೆ ಅರೆದು ಮಾಡುವ ಹಮ್ಮುಸ್‌ನಲ್ಲಿ ಬೆಳ್ಳುಳ್ಳಿ, ಕಡಲೆ ವಡೆಯಂಥ ಫಲಾಫೆಲ್‌ನಲ್ಲಿ ಎರಡೂ ಇರುತ್ತವೆ. ಅಂಥವರು ಒಂದು ಕುಕ್ಕರ್ ತಗೊಂಡು ಹೋಗಿ.

ಈಗ ಹಲಾಲ್.

ಹಲಾಲ್ ಅಂದರೆ ಮಾಂಸ ಅಲ್ಲ. ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಅದು ಅರಬಿ ಮಾತು, ‘ಒಪ್ಪಿಗೆ ಇರುವಂಥದ್ದು, ಮಾಡಬಹುದಾದ್ದು’ ಅಂತ ಅರ್ಥ. ಅದರ ಎದುರು ಮಾತು ಹರಾಮ್. ನೀರು ಹಲಾಲ್, ಹಾಲು ಹಲಾಲ್, ಖರ್ಜೂರ ಹಲಾಲ್, ನೀವು ಬೆಳಗ್ಗೆ ಮಾಡಿದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯೂ ಹಲಾಲ್. ನಿಯತ್ತಾಗಿ ದುಡಿದ ಸಂಬಳವನ್ನೂ ಅವರು ಹಲಾಲ್ ದುಡ್ಡು ಅನ್ನುತ್ತಾರೆ. ನಮ್ಮಲ್ಲಿ ಈ ಮಾತು ಜಾಸ್ತಿ ಕಣ್ಣಿಗೆ ಬೀಳುವುದು ಮಟನ್ ಅಂಗಡಿ ಬೋರ್ಡಿನಲ್ಲಿ, ಅದಕ್ಕೇ ಹಲಾಲ್ ಅಂದ ಕೂಡಲೇ ಕತ್ತಿ, ಮಾಂಸ ನೆನಪಾಗುತ್ತದೆ.

ಹಾಗಾದರೆ ಬಿಸ್ಕತ್ತಿಗೆ ಯಾಕೆ ಆ ಮುದ್ರೆ ಅಂತ ಕೇಳುತ್ತೀರಿ. ಬಿಸ್ಕತ್ತಿಗೆ ಹಾಕಿದ ಕೊಬ್ಬು ಹಂದಿಯದಾಗಿರಬಹುದು, ಮಿಠಾಯಿಯ ಜೆಲಾಟಿನ್ ಹಂದಿ ಚರ್ಮದ್ದಾಗಿರಬಹುದು, ಕೇಕಿನ ವೆನಿಲಾ ಎಸೆನ್ಸನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿರಬಹುದು. ತಿನ್ನುವವರ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಅಂಥದ್ದು ಇದರಲ್ಲಿ ಇಲ್ಲ ಅಂತ ಹೇಳುವುದೇ ಆ ಮುದ್ರೆಯ ಕೆಲಸ. ಏನೋ ಸೇರಿಸಿದ್ದಾರೆ ಅಂತ ನೀವು ಹೆದರುತ್ತೀರಿ, ಅದು ಹೇಳುತ್ತಿರುವುದು ಏನನ್ನು ಸೇರಿಸಿಲ್ಲ ಅಂತ. ಇಲ್ಲಿಂದಲೇ ಹೋಗುವ ಎಷ್ಟೋ ಪ್ಯಾಕೆಟ್‌ಗಳ ಮೇಲೆ ನಮ್ಮ ಹಸಿರು ಚುಕ್ಕೆ, ಆ ಮುದ್ರೆ ಎರಡೂ ಅಕ್ಕಪಕ್ಕ ಇರುತ್ತವೆ.

ಇಷ್ಟು ಹೇಳಿದ ಮೇಲೂ ಕೆಲವರು ದನಿ ತಗ್ಗಿಸಿ, ‘ಆದರೂ ಅದರ ಮೇಲೆ ಏನೋ ಮಂತ್ರ ಹೇಳಿರ್ತಾರಂತಲ್ಲ’ ಅನ್ನುತ್ತಾರೆ. ಇಲ್ಲ. ಅಲ್ಲಾಹನ ಹೆಸರು ಹೇಳಬೇಕು ಅನ್ನುವ ನಿಯಮ ಇರುವುದು ಪ್ರಾಣಿ ಕೊಯ್ಯುವಾಗ. ಗೋಧಿ ಕೊಯ್ಯುವುದಕ್ಕೆ ಅಂಥ ನಿಯಮ ಇಲ್ಲ. ಮನೆಯವರು ಈ ಭಯ ತುಂಬಿ ಕಳಿಸಿದ ಒಬ್ಬ ಹುಡುಗ ನನ್ನ ಪಕ್ಕದ ರೂಮಿನಲ್ಲಿದ್ದ, ಎರಡು ತಿಂಗಳು ಬರೀ ಬಾಳೆಹಣ್ಣು, ಮೊಸರನ್ನದ ಮೇಲೆ ಇದ್ದು ಸೊರಗಿಹೋಗಿದ್ದ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ, ಸುಮ್ನೆ ಒಂದು ಮಾತಿನ ಅರ್ಥ ಗೊತ್ತಿಲ್ಲದೆ ಆಗಿದ್ದು ಅಲ್ವಾ?

ಹಾಗಂತ ಹಲಾಲ್ ಮುದ್ರೆ ನೋಡಿ ಕಣ್ಣು ಮುಚ್ಚಿ ತಿನ್ನಬೇಡಿ. ನಿಜವಾದ ಎಚ್ಚರ ಇಲ್ಲಿ ಬೇಕು. ಹಲಾಲ್ ಅಂದರೆ ಮಾಂಸ ಅಲ್ಲ, ಸಸ್ಯಾಹಾರವೂ ಅಲ್ಲ. ಜೆಲ್ಲಿ, ಮಾರ್ಷ್‌ಮೆಲ್ಲೋ, ಕೆಲವು ಡಬ್ಬಿ ಮೊಸರಿನಲ್ಲೂ ದನದ ಜೆಲಾಟಿನ್ ಇರಬಹುದು, ಅವರಿಗೆ ಅದು ಹಲಾಲ್, ನಿಮಗೆ ಆಗುವುದಿಲ್ಲ. ಹಸಿರು ಚುಕ್ಕೆ ನಮ್ಮ ದೇಶದ ನಿಯಮ, ಬೇರೆ ದೇಶದ ಪ್ಯಾಕೆಟ್ ಮೇಲೆ ಅದನ್ನು ಹುಡುಕಬೇಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಸೇರಿಸಿದ ಪದಾರ್ಥಗಳಿಗೆ ‘ಇ’ (E) ಅಕ್ಷರದ ನಂಬರು ಇರುತ್ತದೆ, ಇ441 ಅಂದರೆ ಜೆಲಾಟಿನ್. ಇ120 ಹುಳದಿಂದ ತೆಗೆದ ಕೆಂಪು ಬಣ್ಣ. ಇ471, ಅಂದರೆ ಎಣ್ಣೆ ನೀರು ಬೆರೆಯುವಂತೆ ಮಾಡುವ ಪದಾರ್ಥ, ಎಣ್ಣೆಯಿಂದಲೂ ಆಗಿರುತ್ತದೆ, ಪ್ರಾಣಿ ಕೊಬ್ಬಿನಿಂದಲೂ ಆಗಿರುತ್ತದೆ, ‘ನಬಾತಿ’ ಅಂತ ಬರೆದಿದ್ದರೆ ಗಿಡದ್ದು. ಚೀಸ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕಿರಬಹುದು, ಅದನ್ನೂ ನೋಡಿ.

ಹೋಟೆಲ್‌ನಲ್ಲಿ ಇನ್ನೊಂದು ತೊಡಕಿದೆ. ಅರಬಿಯಲ್ಲಿ ‘ಲಹಮ್’ ಬೇಡ ಅಂದರೆ ಕುರಿ, ದನದ ಮಾಂಸ ಬೇಡ ಅಂತ ತಿಳಿದುಕೊಂಡು ಕೋಳಿ ತಂದಿಡಬಹುದು. ಕೋಳಿಗೆ ‘ದಜಾಜ್’, ಮೀನಿಗೆ ‘ಸಮಕ್’ ಅಂತ ಬೇರೆ ಹೆಸರು. ಮೂರನ್ನೂ ಹೇಳಬೇಕು, ಜೊತೆಗೆ ‘ಮರಕ್’, ಅಂದರೆ ಮಾಂಸ ಬೇಯಿಸಿದ ಕಟ್ಟು, ಅದೂ ಬೇಡ ಅನ್ನಬೇಕು. ಮೊದಲ ವರ್ಷ ನಾನು ಒಂದು ಹೋಟೆಲ್‌ನಲ್ಲಿ ಬೇಳೆ ಸೂಪ್ ಅಂತ ವಾರಗಟ್ಟಲೆ ಕುಡಿದೆ. ಅದನ್ನು ಕೋಳಿ ಕಟ್ಟಿನಲ್ಲಿ ಮಾಡುತ್ತಿದ್ದರು ಅಂತ ಒಂದು ದಿನ ಅಡುಗೆಯವನ ಬಾಯಿಂದಲೇ ಗೊತ್ತಾಯಿತು. ಅವನು ಮುಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಕೇಳಿದರೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ತಿನ್ನಬಾರದ್ದನ್ನು ಬಿಡುವುದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಂಜಾನ್ ತಿಂಗಳಲ್ಲಿ ಮಾತ್ರ ಹಗಲು ಹೊತ್ತು ಹೊರಗೆ, ಎಲ್ಲರೆದುರು ತಿನ್ನುವುದು ಕುಡಿಯುವುದು ಒಮಾನ್‌ನಲ್ಲಿ ಕಾನೂನಿನ ಪ್ರಕಾರವೇ ತಪ್ಪು. ರೂಮಿನಲ್ಲಿ ತಿನ್ನಿ.

ನೀವು ಕೇಳದ ಒಂದು ವಿಷಯ ಇದೆ, ನನ್ನ ಮಟ್ಟಿಗೆ ಹಲಾಲ್‌ಗಿಂತ ಅದು ದೊಡ್ಡದು. ಮಗ ಅಲ್ಲಿ ಏನು ತಿನ್ನುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ, ಇಲ್ಲಿಂದ ಏನು ಕಟ್ಟಿ ಕಳಿಸಬಾರದು ಅಂತ ಯಾರೂ ಕೇಳುವುದಿಲ್ಲ. ಗಸಗಸೆ ಕಳಿಸಬೇಡಿ. ನಮಗೆ ಅದು ಪಾಯಸದ, ಸಾಗುವಿನ ಸಾಮಾನು. ಆದರೆ ಅಫೀಮು ಬರುವ ಗಿಡದ ಬೀಜವೂ ಅದೇ. ದುಬೈ, ಅಬುಧಾಬಿ ಇರುವ ಯುಎಇಯಲ್ಲಿ, ಸೌದಿಯಲ್ಲಿ ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿ ನಿಷೇಧಿಸಿದ್ದಾರೆ, ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗುತ್ತದೆ. ಮಸ್ಕತ್‌ಗೆ ಹೋಗುವವರು ದುಬೈನಲ್ಲಿ ವಿಮಾನ ಬದಲಿಸಬೇಕಾಗಿ ಬರಬಹುದು, ಬ್ಯಾಗ್ ಅಲ್ಲೂ ತಪಾಸಣೆ ಆಗಬಹುದು. ಪೊಟ್ಟಣ ಕಟ್ಟಿ ಕಳಿಸುವವರು ಕಡಿಮೆ, ಆದರೆ ಬಿಸಿಬೇಳೆಬಾತ್ ಪುಡಿಗೆ, ಸಾಗುವಿನ ಮಸಾಲೆಗೆ ಒಂದು ಚಮಚ ಹಾಕಿ ಹುರಿಯುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಹಾಕಿದ್ದು ಹಾಕಿದವರಿಗೇ ನೆನಪಿರುವುದಿಲ್ಲ.

ಅವನ ಅಮ್ಮನಿಗೆ ಇವತ್ತೇ ಹೇಳಿ. ಪುಡಿ ಆಗಲೇ ಮಾಡಿ ಡಬ್ಬಿಗೆ ತುಂಬಿದ್ದರೆ ಅದನ್ನು ನೀವು ಮನೆಯಲ್ಲಿ ಬಳಸಿಕೊಳ್ಳಿ, ಅವನಿಗೆ ಗಸಗಸೆ ಹಾಕದೆ ಹೊಸದಾಗಿ ಹುರಿದು ಕೊಡಿ.