ಗಲ್ಲಿಯೊಳಗಿನ ಅಪಾರ್ಟ್‌ಮೆಂಟಿನ ನಡುಭಾಗಕ್ಕೆ ಬೆಳಕು ಎಲ್ಲಿಂದ ಬರಬೇಕು?

ಪ್ರಶ್ನೆ: ಬೆಳಗಾವಿಯ ಶಹಾಪುರದ ಗಲ್ಲಿಯೊಂದರಲ್ಲಿ ನಮ್ಮದು 30 ಅಡಿ ಅಗಲ, 80 ಅಡಿ ಉದ್ದದ ಜಾಗ. ಅಕ್ಕಪಕ್ಕದಲ್ಲಿ ಒತ್ತೊತ್ತಾಗಿ ಮನೆಗಳಿವೆ. ಹಳೆಯ ಮನೆ ಇಳಿಸಿ, ಅಣ್ಣತಮ್ಮಂದಿರ ಸಲುವಾಗಿ ಅಂತಸ್ತಿಗೆ ಎರಡರಂತೆ ಫ್ಲ್ಯಾಟ್ ಕಟ್ಟಬೇಕೆಂದಿದ್ದೇವೆ. ಹಾಡುಹಗಲೇ ದೀಪ ಹಚ್ಚುವ ಪ್ರಸಂಗ ಬಾರದಂತೆ ನಕ್ಷೆ ಹೇಗಿರಬೇಕು?

ಉತ್ತರ: ಕೋಣೆಗಳನ್ನೆಲ್ಲ ಹೊಂದಿಸಿದ ಮೇಲೆ ಉಳಿದ ಜಾಗವನ್ನು ಗಾಳಿಬೆಳಕಿಗೆ ಬಿಡುವುದು ಇಂದಿನ ರೂಢಿ. ನೀವು ಇದನ್ನು ತಿರುವುಮುರುವಾಗಿ ಮಾಡಬೇಕು: ಮೊದಲು ನಡುವೆ ಒಂದು ಚೌಕವನ್ನು, ಅಂದರೆ ಆಕಾಶಕ್ಕೆ ತೆರೆದ ಒಳಂಗಳವನ್ನು ನಿಶ್ಚಯಿಸಿ, ಫ್ಲ್ಯಾಟುಗಳನ್ನು ಅದರ ಹಿಂದೆ ಮುಂದೆ ಕೂಡಿಸಬೇಕು.

ಇದಕ್ಕೆ ಕಾರಣ ಸರಳವಾದ ಲೆಕ್ಕದಲ್ಲಿದೆ. ಕಿಟಕಿಯಿಂದ 7.5 ಮೀಟರ್, ಅಂದರೆ ಸುಮಾರು 25 ಅಡಿಗಿಂತ ಹೆಚ್ಚು ದೂರ ಒಳಗಿರುವ ಭಾಗಕ್ಕೆ ಆ ಕಿಟಕಿಯ ಬೆಳಕು ಸಾಲುತ್ತದೆಂದು ಎಣಿಸಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಿಮ್ಮ 80 ಅಡಿಯಲ್ಲಿ ಗಲ್ಲಿಯ ಕಡೆಯಿಂದ 25, ಹಿತ್ತಲ ಕಡೆಯಿಂದ 25 ಅಡಿ ಕಳೆದರೆ ನಡುವೆ 30 ಅಡಿ ಕತ್ತಲೆ ಉಳಿಯುತ್ತದೆ. ಪಾಲಿಕೆಯ ನಿಯಮದಂತೆ ಬದಿಗಳಲ್ಲಿ ಬಿಡುವ ಕಿರಿದಾದ ಸಂದಿ ಈ ಕತ್ತಲೆಯನ್ನು ನೀಗಿಸಲಾರದು. ಪಕ್ಕದ ಗೋಡೆ ಏರಿದಂತೆ ಅದು ಸೀಳಿನಂತಾಗುತ್ತದೆ. ಆ ಸಂದಿಯನ್ನು ಬಿಡಲೇಬೇಕು, ಆದರೆ ಅದನ್ನೇ ನಂಬಿ ಮಲಗುವ ಕೋಣೆ ಇಡಬಾರದು.

ನ್ಯೂಯಾರ್ಕ್ ನಗರ ಈ ಪಾಠವನ್ನು ಬಹಳ ಕಷ್ಟಪಟ್ಟು ಕಲಿಯಿತು. 1879ರ ಕಾಯ್ದೆ ಬಾಡಿಗೆ ಮನೆಗಳ ಪ್ರತಿ ಕೋಣೆಗೂ ಕಿಟಕಿ ಬೇಕೆಂದಾಗ, ಕಟ್ಟುವವರು ಎರಡು ಕಟ್ಟಡಗಳ ನಡುವೆ ಕೆಲವೇ ಅಡಿ ಅಗಲದ ಗಾಳಿಗುಂಡಿಗಳನ್ನು ಬಿಟ್ಟು ಕಾಯ್ದೆಯನ್ನು ಪಾಲಿಸಿದರು. ಆ ಗುಂಡಿಗಳಲ್ಲಿ ಕಸ ತುಂಬಿತು, ನಾತ ಹಬ್ಬಿತು, ಬೆಂಕಿ ಬಿದ್ದರೆ ಅವುಗಳ ಮೂಲಕವೇ ಅಂತಸ್ತಿನಿಂದ ಅಂತಸ್ತಿಗೆ ಏರತೊಡಗಿತು. ಕಡೆಗೆ 1901ರ ಹೊಸ ಕಾಯ್ದೆ ದೊಡ್ಡ ಒಳಂಗಳಗಳನ್ನು ಕಡ್ಡಾಯಗೊಳಿಸಿತು. ನಮ್ಮ ಹಳೆಯ ವಾಡೆಗಳನ್ನು ಕಟ್ಟಿದವರು ಯಾವ ಕಾಯ್ದೆಯ ಒತ್ತಾಯವೂ ಇಲ್ಲದೆ ಚೌಕ ಬಿಟ್ಟಿದ್ದರು. ಅಂಥ ಮನೆಯ ತಲಬಾಗಿಲು ದಾಟಿ ಪಡಸಾಲೆಗೆ ಬಂದವರಿಗೆ ಬೆಳಕು ಒಳಗಿನಿಂದಲೇ ಎದುರಾಗುತ್ತದೆ.

ಚೌಕ ಎಷ್ಟು ದೊಡ್ಡದಿರಬೇಕು? ಬೆಳಗಾವಿ ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ಇಲ್ಲಿ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 51 ಡಿಗ್ರಿಯಷ್ಟೇ ಏರುತ್ತಾನೆ. ಆಗ ದಕ್ಷಿಣೋತ್ತರವಾಗಿ 10 ಅಡಿಯಿರುವ ಚೌಕದ ಗೋಡೆಯಲ್ಲಿ ಬಿಸಿಲು ಮೇಲಿನಿಂದ 12 ಅಡಿ ಮಾತ್ರ ಇಳಿಯುತ್ತದೆ, ಅಂದರೆ ಅದು ಮೇಲಿನ ಅಂತಸ್ತಿನವರ ಪಾಲು. 15 ಅಡಿ ಬಿಟ್ಟರೆ 18 ಅಡಿ ಇಳಿಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ನಿಲ್ಲುವುದರಿಂದ ನೆಲದವರೆಗೂ ಬಿಸಿಲು ಬೀಳುತ್ತದೆ, ಆದರೆ ಅದು ಸ್ವಲ್ಪ ಹೊತ್ತು. ಉಳಿದಂತೆ ಕೆಳಗಿನ ಮನೆಗಳು ಬದುಕುವುದು ಆಕಾಶದ ಬೆಳಕಿನ ಮೇಲೆ. ಆದ್ದರಿಂದ ಚೌಕದ ಗೋಡೆಗಳಿಗೆ ಅಚ್ಚ ಬಿಳಿ ಬಣ್ಣವೇ ಇರಲಿ, ಕಿಟಕಿಗಳು ಕೆಳಕ್ಕೆ ಇಳಿದಂತೆ ದೊಡ್ಡವಾಗಲಿ.

ಉದ್ದಕ್ಕೆ 15, ಅಗಲಕ್ಕೆ 14 ಅಡಿಯ ಚೌಕ ನಿಮ್ಮ 2400 ಚದರ ಅಡಿಯಲ್ಲಿ 210 ಚದರ ಅಡಿಯನ್ನು, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯನ್ನು ತೆಗೆದುಕೊಳ್ಳುತ್ತದೆ. ಗುತ್ತಿಗೆದಾರರು ಇದನ್ನು ನಷ್ಟವೆನ್ನಬಹುದು, ನಾನು ಒಪ್ಪುವುದಿಲ್ಲ. ಅದರ ಪಕ್ಕದಲ್ಲಿ ಮೆಟ್ಟಿಲು ಇಟ್ಟರೆ ಮುಂದೊಂದು, ಹಿಂದೊಂದು ಫ್ಲ್ಯಾಟ್ ಆಗುತ್ತದೆ, ಎರಡಕ್ಕೂ ಎರಡು ಕಡೆಯಿಂದ ಕಿಟಕಿ ಸಿಗುತ್ತದೆ. ಒಂದು ಕಡೆ ಬಂದ ಗಾಳಿ ಇನ್ನೊಂದು ಕಡೆ ಹೋಗದಿದ್ದರೆ ಎಷ್ಟು ದೊಡ್ಡ ಕಿಟಕಿಯಿದ್ದರೂ ಸೆಕೆ ತಪ್ಪದು.

ಗಾಳಿಯ ವಿಷಯದಲ್ಲಿ ಹೆಚ್ಚಿನವರು ಮರೆಯುವುದು ನೆಲ ಅಂತಸ್ತನ್ನು. ಚೌಕದ ಬುಡ ಮುಚ್ಚಿದ್ದರೆ ಅದು ಬಾವಿಯಂತೆ ನಿಂತ ಗಾಳಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಗಲ್ಲಿಯಿಂದ ಚೌಕದವರೆಗೆ ಜಾಳಿಗೆಯ ಬಾಗಿಲಿರುವ ಓಣಿಯೊಂದನ್ನು ತೆರೆದಿಟ್ಟರೆ, ಬಿಸಿಯಾದ ಗಾಳಿ ಮೇಲೆ ಹೋದಂತೆಲ್ಲ ಕೆಳಗಿನಿಂದ ತಂಪು ಗಾಳಿ ಒಳಬರುತ್ತದೆ. ದ್ವಿಚಕ್ರ ವಾಹನಗಳೂ ಆ ದಾರಿಯಲ್ಲಿಯೇ ಹೋಗಲಿ. ಗಲ್ಲಿಯ ಬದಿಗೆ ಪೂರ್ತಿ ಶಟರ್ ಹಾಕದೆ, ಹಿರಿಯರು ಕೂಡಲು ಒಂದು ಕಟ್ಟೆ ಉಳಿಸಿಕೊಳ್ಳಿರೆಂಬುದು ನನ್ನ ಕೋರಿಕೆ.

ಬಚ್ಚಲು, ಪಾಯಖಾನೆಗಳ ಕಿಟಕಿ ಚೌಕಕ್ಕೆ ತೆರೆಯಬಾರದು. ಅವುಗಳಿಗೆ ಬೇರೆ ಗಾಳಿಕೊಳವೆ ಬೇಕು. 12 ಮೀಟರ್ ಎತ್ತರದ ಕಟ್ಟಡದಲ್ಲಿ ಅದಕ್ಕೆ ಬಿಡುವ ಜಾಗ 2.8 ಚದರ ಮೀಟರ್‌ಗಿಂತ ಕಡಿಮೆಯಿರಬಾರದೆಂದು ಸಂಹಿತೆ ತಿಳಿಸುತ್ತದೆ. ಹಿಂದಿನ ಮತ್ತು ಮುಂದಿನ ಮನೆಗಳ ಕಿಟಕಿಗಳು ಮುಖಾಮುಖಿಯಾಗದಂತೆ ಒಂದಿಷ್ಟು ಸರಿಸಿರಿ.

ಬೆಳಗಾವಿಯ ಮಳೆಗೆ ಹೆದರಿ ಎಷ್ಟೋ ಜನ ಚೌಕದ ಮೇಲೆ ಫೈಬರ್ ಶೀಟು ಹಾಕಿಸುತ್ತಾರೆ. ಬದಿ ಮುಚ್ಚಿ ಹಾಕಿದ ಶೀಟು ಬಿಸಿಗಾಳಿ ಹೊರಹೋಗುವ ದಾರಿಯನ್ನೇ ಕಟ್ಟುತ್ತದೆ. ಕಿಟಕಿಗಳಿಗೆ ಎರಡು ಅಡಿಯ ಛಜ್ಜಾ, ನೆಲಕ್ಕೆ ಸರಿಯಾದ ಇಳುಕಲು, ಕಸ ಸಿಕ್ಕದಷ್ಟು ಅಗಲವಾದ ಮೋರಿ ಮಾಡಿಸಿ, ಮಳೆಯನ್ನು ಚೌಕದೊಳಗೆ ಬೀಳಗೊಡಬೇಕು.

ಕೊನೆಯದಾಗಿ, ನಕ್ಷೆ ಮಂಜೂರಾತಿಗೆ ಕೊಡುವ ಮೊದಲು ಪಕ್ಕದ ಮನೆಯವರೊಡನೆ ಕುಳಿತು ಮಾತನಾಡಿರಿ. ಅವರೂ ಮುಂದೆ ಕಟ್ಟುವವರಿದ್ದರೆ, ಎರಡೂ ಚೌಕಗಳನ್ನು ಒಂದೇ ಎಲ್ಲೆಗೆ ತಗುಲಿಸಿ, ನಡುವೆ ಆಳೆತ್ತರದ ಗೋಡೆಯನ್ನಷ್ಟೇ ಇಡಬಹುದು. ಆಗ ಒಬ್ಬೊಬ್ಬರು ಬಿಟ್ಟ 210 ಚದರ ಅಡಿ ಇಬ್ಬರಿಗೂ 420 ಚದರ ಅಡಿಯ ಆಕಾಶವಾಗುತ್ತದೆ. ಮಾತನ್ನು ಬಾಯಲ್ಲಿಯೇ ಬಿಡದೆ, ಆ ಜಾಗದಲ್ಲಿ ಯಾರೂ ಕಟ್ಟುವುದಿಲ್ಲವೆಂಬ ಕರಾರನ್ನು ವಕೀಲರಿಂದ ಬರೆಯಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿರಿ.